ಆಹಾರದ ಲೇಬಲ್: ಮಂಡ್ಯ, ಮದ್ದೂರು, ಮಳವಳ್ಳಿ ಪೇಟೆಗಳಲ್ಲಿ

ಪೊಟ್ಟಣ, ಡಬ್ಬಿ, ಸೀಸೆ ಇಲ್ಲವೆ ಚೀಲದಲ್ಲಿ ಕಟ್ಟಿ ಮಾರುವ ಆಹಾರದ ಮೇಲೆ ಅದರ ಹೆಸರು, ಬೆರೆಸಿದ ಪದಾರ್ಥಗಳು, ತೂಕ, ಬೆಲೆ, ತಯಾರಾದ ದಿನ, ಬಳಕೆಯ ಗಡುವು, ತಯಾರಕರ ವಿಳಾಸ ಮುಂತಾದವನ್ನು ಕಾನೂನಿನಂತೆ ನಮೂದಿಸುವ ಬರಹವೇ ಲೇಬಲ್. ಅದರ ಮುಂಬದಿಯಲ್ಲಿ ಇರುವುದು ಮಾರುವವರು ತಾವಾಗಿ ಹೇಳಿಕೊಂಡ ಮಾತು. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವುದು ಕಾನೂನು ಅವರಿಂದ ಹೇಳಿಸಿದ ಮಾತು. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಮುಂಬದಿಗೆ, ಬೇಕಾದ ಸಂಗತಿ ಇರುವುದು ಹಿಂಬದಿಯಲ್ಲಿ. ಲೇಬಲ್ಲಿನ ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಯೇ.

ಮಂಡ್ಯ, ಮದ್ದೂರು, ಮಳವಳ್ಳಿ ಪೇಟೆಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿನ ದಿನಸಿ ವ್ಯಾಪಾರ ಒಂದಷ್ಟು ಪಾಕೆಟ್ಟಿನಲ್ಲಿ, ಒಂದಷ್ಟು ‘ಲೂಸ್’ನಲ್ಲಿ ನಡೆಯುತ್ತದೆ. ಬೆಲ್ಲ, ಅಕ್ಕಿ, ಹಾಲು, ಎಳನೀರು, ಮದ್ದೂರು ವಡೆ, ಬಂಡೂರು ಕುರಿಯ ಮಾಂಸ ಎಲ್ಲವೂ ಈ ಸೀಮೆಯವೇ. ಅವುಗಳಲ್ಲಿ ಬಹಳಷ್ಟು ಲೇಬಲ್ ಇಲ್ಲದೆಯೇ ಮಾರಾಟವಾಗುತ್ತವೆ. ಅವೇ ಪದಾರ್ಥಗಳು, ಕೆಲವೊಮ್ಮೆ ಅವುಗಳ ಹೆಸರು ಮಾತ್ರ, ಬಣ್ಣದ ಪೊಟ್ಟಣ ಹೊಕ್ಕು ಸೂಪರ್ ಮಾರ್ಕೆಟ್ಟಿನ ಅಟ್ಟಣೆಗೆ ಬಂದು ಕೂರುತ್ತವೆ. ಹೀಗಾಗಿ ಬರೆದಿರುವುದನ್ನು ಓದುವುದರ ಜೊತೆಗೆ, ಬರೆಯದೇ ಬಿಟ್ಟಿದ್ದನ್ನು ಕೇಳಿ ತಿಳಿಯುವುದೂ ಇಲ್ಲಿ ಲೇಬಲ್ ಓದುವ ಕೆಲಸವೇ ಆಗಿದೆ.

ಕಾನೂನು ಮತ್ತು ಹದಿನಾಲ್ಕು ಅಂಕಿಗಳು

ಸ್ವಾತಂತ್ರ್ಯಾನಂತರ ಈ ವಿಷಯವನ್ನು ನೋಡಿಕೊಂಡಿದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದು, 2011ರ ಆಗಸ್ಟ್ 5ರಿಂದ ಜಾರಿಯಾಯಿತು. ಇದರಡಿ ರಚನೆಯಾದ ಪ್ರಾಧಿಕಾರವೇ ಎಫ್‌ಎಸ್‌ಎಸ್‌ಎಐ. ಲೇಬಲ್ಲಿಗೆ ಸಂಬಂಧಿಸಿದ ಈಗಿನ ಮುಖ್ಯ ನಿಯಮಾವಳಿ 2020ರದು. ತೂಕ ಮತ್ತು ಬೆಲೆಯ ವಿಷಯ ಮಾತ್ರ ಬೇರೆ ಇಲಾಖೆಯದು: ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ 2011ರಲ್ಲಿ ಬಂದ ಪೊಟ್ಟಣ ಸಾಮಗ್ರಿ ನಿಯಮಗಳು ಅದನ್ನು ನೋಡುತ್ತವೆ. ಆದ್ದರಿಂದ ಪೊಟ್ಟಣದಲ್ಲಿ ಹುಳ ಸಿಕ್ಕಿದರೆ ಒಂದು ಕಚೇರಿ, ತೂಕ ಕಡಿಮೆ ಬಂದರೆ ಇನ್ನೊಂದು ಕಚೇರಿ.

ಪ್ರತಿ ಪೊಟ್ಟಣದ ಮೇಲೂ ಎಫ್‌ಎಸ್‌ಎಸ್‌ಎಐ ಚಿಹ್ನೆಯ ಜೊತೆಗೆ 14 ಅಂಕಿಗಳ ಸಂಖ್ಯೆ ಇರುತ್ತದೆ. ಸರ್ಕಾರ ಪರೀಕ್ಷಿಸಿ ‘ಒಳ್ಳೆಯದು’ ಎಂದು ಒತ್ತಿದ ಮುದ್ರೆ ಇದು ಎಂದು ನಂಬಿದವರು ಬಹಳ. ಹಾಗೇನೂ ಅಲ್ಲ, ವ್ಯಾಪಾರ ಮಾಡಲು ಪಡೆದ ಪರವಾನಗಿಯ ಗುರುತು ಅಷ್ಟೇ. ಆದರೆ ಓದಲು ಬಂದರೆ ಅದು ಸಾಕಷ್ಟು ಹೇಳುತ್ತದೆ. ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಆ ಜಾಗದಲ್ಲಿ 00 ಇದ್ದರೆ ಅದು ಕೇಂದ್ರದ ಪರವಾನಗಿ. ನಂತರದ ಎರಡು ಅಂಕಿ ಇಸವಿ. ಹಾಗಾಗಿ 212ರಿಂದ ಆರಂಭವಾಗುವ ಸಂಖ್ಯೆ ಕಂಡರೆ ಕರ್ನಾಟಕದ ಯಾವುದೋ ಸಣ್ಣ ಘಟಕದ ಹಪ್ಪಳವೋ ಉಪ್ಪಿನಕಾಯಿಯೋ ಎಂದು ತಿಳಿಯಬಹುದು. ಇದರ ಪಕ್ಕದಲ್ಲೇ ‘ತಯಾರಕರು’, ‘ಪ್ಯಾಕ್ ಮಾಡಿದವರು’, ‘ಮಾರಾಟಗಾರರು’ ಎಂಬ ಮೂರು ಬೇರೆ ಬೇರೆ ವಿಳಾಸಗಳಿರಬಹುದು. ದೊಡ್ಡ ಅಕ್ಷರದಲ್ಲಿ ಹೆಸರಿರುವ ಕಂಪನಿ ಪದಾರ್ಥವನ್ನು ಮುಟ್ಟಿಯೇ ಇರದ ಸಂದರ್ಭಗಳು ಉಂಟು.

ಬೆಲ್ಲ

ಕೃಷ್ಣರಾಜಸಾಗರದ ನಾಲೆ ನೀರು ಹರಿದ ಮೇಲೆ ಮಂಡ್ಯ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಇಲ್ಲಿ ಆರಂಭವಾಯಿತು. ಕಾರ್ಖಾನೆಯ ಜೊತೆಜೊತೆಗೆ ಆಲೆಮನೆಗಳೂ ಉಳಿದುಕೊಂಡವು. ಸಣ್ಣ ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲವೇ.

ಮಂಡ್ಯದ ಎಪಿಎಂಸಿ ಪ್ರಾಂಗಣದಲ್ಲಿ ಬೆಲ್ಲ ಅಚ್ಚು, ಕುರಿಕಾಟು, ಬಾಕ್ಸ್, ಬಕೆಟ್ ಎಂಬ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಇವೆಲ್ಲ ಆಕಾರದ, ವ್ಯಾಪಾರದ ಹೆಸರುಗಳು. ಒಳಗೇನಿದೆ ಎಂಬುದನ್ನು ಅವು ಹೇಳುವುದಿಲ್ಲ. ಅಂಗಡಿಗೆ ಬರುವ ಹೊತ್ತಿಗೆ ಆ ಹೆಸರೂ ಕಳಚಿಹೋಗಿ ಬಣ್ಣವೊಂದೇ ಗುರುತಾಗಿ ಉಳಿಯುತ್ತದೆ. ಕೊಳ್ಳುವವರು ಹೊಂಬಣ್ಣದ್ದನ್ನು ಎತ್ತಿಕೊಳ್ಳುತ್ತಾರೆ, ಕಪ್ಪಗಿನದನ್ನು ಬಿಡುತ್ತಾರೆ. ಈ ಆಯ್ಕೆಯೇ ಆಲೆಮನೆಯ ಕೆಲಸದ ರೀತಿಯನ್ನು ಬದಲಿಸಿತು. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಮಡ್ಡಿ ತೆಗೆಯಲು ಸುಣ್ಣ, ಬೆಂಡೆ ಗಿಡದ ಲೋಳೆ, ಉಕ್ಕು ತಗ್ಗಿಸಲು ಹರಳೆಣ್ಣೆ ಬಳಸುವುದು ಹಳೆಯ ಪದ್ಧತಿ. ಬಣ್ಣ ತಿಳಿಯಾಗಲೆಂದು ಆಮೇಲೆ ಬಂದದ್ದು ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಇದನ್ನು ಹಾಕಿದರೆ ಪಾಕ ಕೂಡಲೇ ತಿಳಿಯಾಗುತ್ತದೆ, ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಆ ಉಳಿಕೆಗೆ ಕಾನೂನು ಇಟ್ಟ ಮಿತಿ ಕೆ.ಜಿ.ಗೆ 70 ಮಿಲಿಗ್ರಾಂ. ಸಕ್ಕರೆಯ ಬೆಲೆ ಇಳಿದಾಗ ಅದನ್ನೇ ಕರಗಿಸಿ ಬೆಲ್ಲಕ್ಕೆ ಸೇರಿಸುವ ಚಾಳಿಯೂ ಇದೆ. ಅಂಥ ಆಲೆಮನೆಗಳ ಮೇಲೆ ಅಧಿಕಾರಿಗಳು ದಾಳಿ ಮಾಡಿದ ಸುದ್ದಿ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ.

ಬೆಲ್ಲಕ್ಕೆ ಕಾನೂನಿನ ವ್ಯಾಖ್ಯೆ ಇದೆ: ಒಟ್ಟು ಸಕ್ಕರೆಯಂಶ ಶೇ 90ಕ್ಕೆ, ಸುಕ್ರೋಸ್ ಶೇ 60ಕ್ಕೆ ಕಡಿಮೆ ಇರಬಾರದು. ಕೃತಕ ಬಣ್ಣಕ್ಕೆ ಅನುಮತಿ ಇಲ್ಲ. ಈ ವ್ಯಾಖ್ಯೆಯ ಮಿತಿ ಏನೆಂದರೆ, ಸಕ್ಕರೆ ಬೆರೆಸಿದ ಬೆಲ್ಲವೂ ಈ ಎರಡು ಅಂಕಿಗಳನ್ನು ಸುಲಭವಾಗಿ ದಾಟುತ್ತದೆ. ಬೆರೆಸಿದ್ದು ಸಕ್ಕರೆಯೇ ತಾನೆ! ಪೊಟ್ಟಣದಲ್ಲಿ ಕೊಳ್ಳುವವರಿಗೆ ಇರುವ ಒಂದು ಅನುಕೂಲವೆಂದರೆ ಪದಾರ್ಥಪಟ್ಟಿ. ‘ಕಬ್ಬಿನ ರಸ’ ಎಂದಷ್ಟೇ ಬರೆದು ಸಕ್ಕರೆ ಬೆರೆಸಿದ್ದರೆ ಅದು ತಪ್ಪು ಲೇಬಲ್ಲಿನ ಅಪರಾಧವಾಗುತ್ತದೆ, ಕೇಳಲು ಒಂದು ಹಿಡಿಕೆ ಸಿಗುತ್ತದೆ. ಲೂಸ್ ಬೆಲ್ಲಕ್ಕೆ ಆ ಹಿಡಿಕೆ ಇಲ್ಲ. ‘ರಾಸಾಯನಿಕಮುಕ್ತ’ ಎಂಬ ಬರಹ ಮುಂಬದಿಯಲ್ಲಿದ್ದರೆ ಹಿಂಬದಿಯಲ್ಲಿ ಸಲ್ಫೈಟ್ ಕುರಿತು ಏನಿದೆ ನೋಡಬೇಕು. ಕೆ.ಜಿ.ಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಅಲರ್ಜಿಯ ಎಚ್ಚರಿಕೆಯಲ್ಲಿ ಅದನ್ನು ಹೇಳಲೇಬೇಕು. ಉಬ್ಬಸ ಇರುವವರಿಗೆ ಇದು ಬಣ್ಣಕ್ಕಿಂತ ಮುಖ್ಯ.

ಬೆಲ್ಲದ ಹೆಸರು ಹೊತ್ತ ಬಿಸ್ಕತ್ತು, ಚಿಕ್ಕಿ, ‘ಸಕ್ಕರೆ ಸೇರಿಸಿಲ್ಲ’ ಎನ್ನುವ ತಿಂಡಿಗಳ ಬಗ್ಗೆ ಒಂದು ಮಾತು. ಪೋಷಕಾಂಶದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಮೈಸೂರು ಪಾಕು ಅಪಾಯವಿಲ್ಲ ಎಂದು ನಂಬಿಸುವ ಲೇಬಲ್ ನಂಬತಕ್ಕದ್ದಲ್ಲ, ಅದರ ಮೇಲೆ ಮಂಡ್ಯದ ಹೆಸರೇ ಇದ್ದರೂ.

ಪದಾರ್ಥಪಟ್ಟಿ ಮತ್ತು ಸಂಖ್ಯೆಗಳು

ಪದಾರ್ಥಪಟ್ಟಿಗೆ ಒಂದು ಕಟ್ಟುನಿಟ್ಟಿನ ಕ್ರಮವಿದೆ: ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯದು ಕೊನೆಗೆ. ರಾಗಿ ಉಣ್ಣುವ ಈ ಸೀಮೆಯಲ್ಲಿ ರಾಗಿಯ ಹೆಸರಿನ ಬಿಸ್ಕತ್ತು, ಶ್ಯಾವಿಗೆ, ಮಾಲ್ಟುಗಳಿಗೆ ಒಳ್ಳೆಯ ಗಿರಾಕಿ. ಚಿತ್ರದಲ್ಲಿ ರಾಗಿ ತೆನೆ, ಪಟ್ಟಿಯ ಮೊದಲಲ್ಲಿ ‘ಸಂಸ್ಕರಿಸಿದ ಗೋಧಿ ಹಿಟ್ಟು’, ಅಂದರೆ ಮೈದಾ. ಯಾವ ಪದಾರ್ಥವನ್ನು ಮುಂಬದಿಯಲ್ಲಿ ಎತ್ತಿ ತೋರಿಸುತ್ತಾರೋ ಅದು ಶೇಕಡಾ ಎಷ್ಟಿದೆ ಎಂದು ಹೇಳುವುದು ಕಡ್ಡಾಯ. ರಾಗಿ ಎಂಬ ಹೆಸರಿನ ಪಕ್ಕದ ಆ ಸಣ್ಣ ಅಂಕಿಯೊಂದನ್ನು ನೋಡಿದರೆ ಉಳಿದ ಬಣ್ಣದ ಮಾತೆಲ್ಲ ತಾನಾಗಿ ಕಳಚುತ್ತದೆ. ಸಕ್ಕರೆಯ ವಿಷಯದಲ್ಲಿ ಇನ್ನೊಂದು ಜಾಣತನ ನಡೆಯುತ್ತದೆ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಎಂದು ಬೇರೆ ಬೇರೆಯಾಗಿ ಬರೆದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಕೂಡಿಸಿದರೆ ಮೇಲಿನ ಸಾಲಿನಲ್ಲೇ ಇರಬೇಕಾದ ಮೊತ್ತ ಅದು.

ಐಎನ್‌ಎಸ್ ಸಂಖ್ಯೆಗಳು, ಅಂದರೆ ಆಹಾರಕ್ಕೆ ಸೇರಿಸುವ ಬಣ್ಣ, ಸಂರಕ್ಷಕ ಮುಂತಾದವುಗಳ ಗುರುತಿನ ಅಂಕಿಗಳು, ಓದುವವರನ್ನು ವೃಥಾ ಹೆದರಿಸುತ್ತವೆ. 500 ಎಂದರೆ ಅಡುಗೆ ಸೋಡಾ, 330 ನಿಂಬೆಹುಳಿಯ ಸಿಟ್ರಿಕ್ ಆಮ್ಲ, 322 ಸೋಯಾ ಮುಂತಾದವುಗಳಿಂದ ತೆಗೆಯುವ ಲೆಸಿತಿನ್. ಗಮನಿಸಬೇಕಾದವು ಬೇರೆ ಇವೆ: 102 ಟಾರ್ಟ್ರಜೀನ್ ಎಂಬ ಹಳದಿ ಬಣ್ಣ, 110 ಸನ್‌ಸೆಟ್ ಯೆಲ್ಲೊ, 211 ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ, 621 ರುಚಿ ಹೆಚ್ಚಿಸುವ ಎಂಎಸ್‌ಜಿ. ವಾಟ್ಸಾಪಿನಲ್ಲಿ ಆಗಾಗ ಸುತ್ತುವ ‘631 ಎಂದರೆ ಹಂದಿ ಕೊಬ್ಬು’ ಎಂಬ ಸುದ್ದಿ ಸರಿಯಲ್ಲ. ಅದು ರುಚಿ ಹೆಚ್ಚಿಸುವ ಒಂದು ಲವಣ. ಮಾಂಸ, ಮೀನಿನಿಂದಲೂ ತೆಗೆಯಬಹುದು, ಹುದುಗಿಸಿಯೂ ತಯಾರಿಸಬಹುದು. ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಗುರುತಿದ್ದರೆ ಪ್ರಾಣಿಮೂಲದ್ದನ್ನು ಬಳಸುವಂತಿಲ್ಲ.

ಎಂಎಸ್‌ಜಿ ಲೇಬಲ್ಲಿನ ದೊಡ್ಡ ಜಗಳ 2015ರಲ್ಲಿ ನಡೆಯಿತು. ‘ಎಂಎಸ್‌ಜಿ ಸೇರಿಸಿಲ್ಲ’ ಎಂದು ಮ್ಯಾಗಿ ನೂಡಲ್ಸ್ ಪೊಟ್ಟಣದ ಮೇಲೆ ಬರೆದಿದ್ದು ದಾರಿತಪ್ಪಿಸುವ ಬರಹ ಎಂಬುದು ಪ್ರಾಧಿಕಾರದ ಆಕ್ಷೇಪಗಳಲ್ಲಿ ಒಂದು. ಸೀಸದ ಪ್ರಮಾಣ ಇನ್ನೊಂದು. ಜೂನ್‌ನಲ್ಲಿ ಬಂದ ನಿಷೇಧವನ್ನು ಬಾಂಬೆ ಹೈಕೋರ್ಟ್ ಆಗಸ್ಟ್‌ನಲ್ಲಿ ತೆರವು ಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಪರೀಕ್ಷೆಯ ಹೊಣೆ ಬಿದ್ದಿದ್ದು ಮಂಡ್ಯಕ್ಕೆ ಹತ್ತಿರದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೇಲೆ.

ಪೋಷಕಾಂಶದ ಚೌಕಟ್ಟು

ಈ ಕೋಷ್ಟಕದಲ್ಲಿ ಎಲ್ಲವನ್ನೂ ಓದಬೇಕಿಲ್ಲ. ಸೇರಿಸಿದ ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂ ಈ ಮೂರನ್ನು, ಅದೂ ‘100 ಗ್ರಾಂಗೆ’ ಎಂಬ ಕಾಲಂನಲ್ಲಿ ಓದಿದರೆ ಸಾಕು. ‘ಒಂದು ಸರ್ವಿಂಗ್‌ಗೆ’ ಎಂಬ ಕಾಲಂ ಬಿಟ್ಟುಬಿಡಬಹುದು. ಎರಡು ಬಿಸ್ಕತ್ತನ್ನು ಒಂದು ಸರ್ವಿಂಗ್ ಎಂದು ಲೆಕ್ಕ ಹಿಡಿದು ಬರೆದವರ ಮನೆಯಲ್ಲಿ ಎರಡೇ ತಿನ್ನುತ್ತಾರೆಯೇ ಎಂದು ಕೇಳುವವರಿಲ್ಲ. ದಿನಕ್ಕೆ 2000 ಕಿಲೊಕ್ಯಾಲೊರಿ ಆಹಾರದ ಲೆಕ್ಕದಲ್ಲಿ ನಿಯಮ ಇಟ್ಟುಕೊಂಡ ಮಿತಿ ಹೀಗಿದೆ: ಸೇರಿಸಿದ ಸಕ್ಕರೆ 50 ಗ್ರಾಂ, ಒಟ್ಟು ಕೊಬ್ಬು 67 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 22 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು, ಹೆಚ್ಚುಕಡಿಮೆ ಅರ್ಧ ದಿನದ ಪಾಲು.

ಮುಂಬದಿಯ ಕೆಲವು ಮಾತುಗಳಿಗೂ ಅಳತೆ ಇದೆ. 100 ಗ್ರಾಂ ಘನ ಆಹಾರದಲ್ಲಿ 5 ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದರೆ ‘ಕಡಿಮೆ ಸಕ್ಕರೆ’ ಎನ್ನುವಂತಿಲ್ಲ. ‘ಸಕ್ಕರೆರಹಿತ’ ಎನ್ನಲು ಅರ್ಧ ಗ್ರಾಂ ಮೀರಬಾರದು. 3 ಗ್ರಾಂ ನಾರು ಇದ್ದರೆ ‘ನಾರಿನ ಮೂಲ’, 6 ಗ್ರಾಂ ಇದ್ದರೆ ‘ನಾರು ಸಮೃದ್ಧ’. ಅಳತೆಯೇ ಇಲ್ಲದ ಮಾತುಗಳೂ ಉಂಟು. ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ ಎಂದು ಪ್ರಾಧಿಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ನೆನಪಿಸಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ನೀರು ಬೆರೆಸಿ ಮರುತಯಾರಿಸಿದ ಹಣ್ಣಿನ ರಸದ ಮೇಲಿನ ‘100%’ ಎಂಬ ಬರಹವನ್ನು ತೆಗೆಯಲು ಹೇಳಿತು. 2025ರ ಅಕ್ಟೋಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಬಾರದೆಂದಿತು. ಭೇದಿಯಾದ ಮಗುವಿಗೆ ಮೆಡಿಕಲ್ ಶಾಪಿನಿಂದ ಆ ಡಬ್ಬಿ ತಂದು ಕುಡಿಸಿದ ಮನೆಗಳಿಗೆ ಈ ಆದೇಶ ತಡವಾಗಿಯೇ ಬಂತು. ಪೊಟ್ಟಣದ ಮುಂಬದಿಯಲ್ಲೇ ನಕ್ಷತ್ರಗಳ ಮೂಲಕ ಪೋಷಕಾಂಶದ ದರ್ಜೆ ತೋರಿಸುವ ಕರಡು 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ನಕ್ಷತ್ರ ಬೇಡ, ನೇರ ಎಚ್ಚರಿಕೆಯೇ ಬೇಕು ಎಂಬುದು ಅದನ್ನು ಟೀಕಿಸಿದ ಆರೋಗ್ಯ ಸಂಘಟನೆಗಳ ವಾದ, ಅದು ಒಪ್ಪತಕ್ಕ ವಾದ.

ತೂಕ, ಬೆಲೆ, 26 ಕೆ.ಜಿ. ಚೀಲ

2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಬೆಲ್ಲ, ಮೊಸರು, ಮಜ್ಜಿಗೆಗಳಿಗೆ ಶೇ 5 ಜಿಎಸ್‌ಟಿ ಬಂತು. ಲೂಸ್‌ಗೆ ತೆರಿಗೆ ಇಲ್ಲ. 25 ಕೆ.ಜಿ. ಮೀರಿದ ಚೀಲಕ್ಕೂ ಇಲ್ಲ. ಅದಾದ ಮೇಲೆ ಅಕ್ಕಿ ಗಿರಣಿಗಳು 26 ಕೆ.ಜಿ. ಚೀಲ ತಂದವು. ಮೊದಲು 25 ಕೆ.ಜಿ. ಕೊಳ್ಳುತ್ತಿದ್ದವರಿಗೆ ಈ ಒಂದು ಕೆ.ಜಿ. ಏಕೆ ಹೆಚ್ಚಿತು ಎಂಬುದಕ್ಕೆ ಉತ್ತರ ಇದೇ. ತೆರಿಗೆ ಉಳಿಯಿತು ನಿಜ. ಆದರೆ ಚಿಲ್ಲರೆ ಪೊಟ್ಟಣಕ್ಕೆ ಎಂಆರ್‌ಪಿ ಮುಂತಾದವನ್ನು ಕಡ್ಡಾಯ ಮಾಡುವ ನಿಯಮದ ಮಿತಿಯೂ 25 ಕೆ.ಜಿ.ಯೇ, ಅದನ್ನು ಮೀರಿದ ಚೀಲಕ್ಕೆ ಆ ಕಡ್ಡಾಯವಿಲ್ಲ. ಆದ್ದರಿಂದ ಬೆಲೆ ಹೋಲಿಸುವಾಗ ಚೀಲಕ್ಕೆಷ್ಟು ಎಂದು ಕೇಳದೆ ಕೆ.ಜಿ.ಗೆಷ್ಟು ಎಂದು ಕೇಳಬೇಕು.

ಬಿಸ್ಕತ್ತು, ಟೀಪುಡಿ, ಎಣ್ಣೆ ಮುಂತಾದವನ್ನು ನಿಗದಿತ ಅಳತೆಯಲ್ಲೇ ಕಟ್ಟಬೇಕೆಂಬ ಹಳೆಯ ಪಟ್ಟಿ ರದ್ದಾಗಿ, ಅದರ ಬದಲಿಗೆ 2022ರಲ್ಲಿ ‘ಯೂನಿಟ್ ಬೆಲೆ’ ಬಂತು. ಗ್ರಾಂಗೆ ಅಥವಾ ಕೆ.ಜಿ.ಗೆ ಇಷ್ಟು ಎಂದು ಎಂಆರ್‌ಪಿಯ ಹತ್ತಿರವೇ ಮುದ್ರಿಸಬೇಕು. ಹತ್ತು ರೂಪಾಯಿ ಪಾಕೆಟ್ ಹತ್ತೇ ರೂಪಾಯಿಗೆ ಉಳಿದು ಒಳಗಿನ ತೂಕ ಕರಗುವ ಆಟವನ್ನು ಹಿಡಿಯಲು ಇರುವ ಸಾಧನ ಇದೊಂದೇ. ಎಣ್ಣೆಯಲ್ಲಿ ಈ ಆಟ ಜೋರು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದೇ ಗಾತ್ರ ಕಾಣುವ ಪಾಕೆಟ್ಟಿನಲ್ಲಿ ಅದಕ್ಕಿಂತ ಕಡಿಮೆ ಗ್ರಾಂ ಬರೆದಿದ್ದರೆ ಅದು ಲೀಟರ್ ಅಲ್ಲ. ಮುಂಬದಿಯಲ್ಲಿ ಒಂದೇ ಎಣ್ಣೆಯ ಚಿತ್ರವಿದ್ದು ಹೆಸರಿನ ಕೆಳಗೆ ‘ಮಿಶ್ರಿತ ಖಾದ್ಯ ಸಸ್ಯತೈಲ’ ಎಂದಿದ್ದರೆ ಎರಡು ಎಣ್ಣೆಗಳ ಶೇಕಡಾವಾರು ನೋಡಬೇಕು. ಮಿಶ್ರತೈಲಕ್ಕೆ ಅಗ್‌ಮಾರ್ಕ್ ಕಡ್ಡಾಯ.

ಹಾಲಿನ ಪಾಕೆಟ್ಟು ಇದೇ ಪಾಠವನ್ನು ಮನೆಮನೆಗೂ ಹೇಳಿಕೊಟ್ಟಿತು. 2024ರ ಜೂನ್ 26ರಿಂದ ನಂದಿನಿ ಹಾಲು ಪಾಕೆಟ್ಟಿಗೆ 2 ರೂಪಾಯಿ ಏರಿ, ಜೊತೆಗೆ 50 ಮಿ.ಲೀ. ಹೆಚ್ಚು ಬಂತು. ಅರ್ಧ ಲೀಟರ್ ಪಾಕೆಟ್ 550, ಒಂದು ಲೀಟರಿನದು 1050 ಮಿ.ಲೀ. ಆಯಿತು. 2025ರ ಏಪ್ರಿಲ್ 1ರಿಂದ ಅಳತೆ ಮತ್ತೆ 500, 1000ಕ್ಕೆ ಇಳಿದು ಲೀಟರಿಗೆ 4 ರೂಪಾಯಿ ಏರಿತು. ನೀಲಿ ಪಾಕೆಟ್ಟಿನ ಲೀಟರ್ 44ರಿಂದ 46 ಆಯಿತೆಂದು ಕಂಡವರಿಗೆ ಏರಿದ್ದು ಎರಡೇ ರೂಪಾಯಿ ಅನ್ನಿಸಿತು. ಮಿ.ಲೀ. ಓದಿದವರಿಗಷ್ಟೇ ನಾಲ್ಕರ ಲೆಕ್ಕ ತಿಳಿಯಿತು.

ಮದ್ದೂರಿನ ಹಾಲು, ವಡೆ, ತೆಂಗು

ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹಾಲಿನ ಪಾಕೆಟ್ಟಿನ ಬಣ್ಣವನ್ನು ಎಲ್ಲರೂ ನೋಡುತ್ತಾರೆ, ಅಂಕಿಯನ್ನು ನೋಡುವವರು ಕಡಿಮೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಇತರ ಘನಾಂಶ ಶೇ 8.5 ಇರಬೇಕು. ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5 ಮತ್ತು 8.5, ಫುಲ್ ಕ್ರೀಮ್‌ನಲ್ಲಿ 6 ಮತ್ತು 9, ಡಬಲ್ ಟೋನ್ಡ್‌ನಲ್ಲಿ 1.5 ಮತ್ತು 9. ಮೊಸರು ಗಟ್ಟಿಯಾಗಲಿಲ್ಲ ಎಂದು ಡೇರಿಯನ್ನು ಬೈಯುವ ಮೊದಲು ತಂದದ್ದು ಯಾವ ಹಾಲು ಎಂದು ನೋಡುವುದು ನ್ಯಾಯ. ಐಸ್‌ಕ್ರೀಮಿನ ಫ್ರೀಜರಿನಲ್ಲೂ ಇಂಥದೇ ಒಂದು ಭೇದವಿದೆ. ಹಾಲಿನ ಕೊಬ್ಬಿನಿಂದ ಮಾಡಿದ್ದು ಐಸ್‌ಕ್ರೀಂ, ಸಸ್ಯಕೊಬ್ಬಿನಿಂದ ಮಾಡಿದ್ದು ‘ಫ್ರೋಜನ್ ಡೆಸರ್ಟ್’. ಡಬ್ಬಿ ಎರಡಕ್ಕೂ ಒಂದೇ ತರಹ.

ಲೇಬಲ್ಲೇ ನಕಲಿಯಾದರೆ ಓದಿಯೂ ಪ್ರಯೋಜನವಿಲ್ಲ. 2021ರ ಡಿಸೆಂಬರ್‌ನಲ್ಲಿ ಮೈಸೂರಿನ ಹೊರವಲಯದ ಹೊಸಹುಂಡಿಯಲ್ಲಿ ನಂದಿನಿ ಹೆಸರಿನ ನಕಲಿ ತುಪ್ಪದ ಅಡ್ಡೆ ಪತ್ತೆಯಾಯಿತು. ಅಂಥ ಸಂದರ್ಭದಲ್ಲಿ ಕೊಳ್ಳುವವರ ಕೈಯಲ್ಲಿ ಉಳಿಯುವುದು ಬ್ಯಾಚ್ ಸಂಖ್ಯೆ ಮತ್ತು ರಸೀದಿ. ಎರಡನ್ನೂ ಎಸೆಯಬಾರದು.

ಮದ್ದೂರು ವಡೆಗೆ ನೂರು ವರ್ಷ ಮೀರಿದೆ. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ಇದನ್ನು ಮಾಡಿ ಮಾರಲು ತೊಡಗಿದರೆಂದು ಪ್ರತೀತಿ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಹಸಿಮೆಣಸು, ಕರಿಬೇವು ಇದರ ಸಾಮಗ್ರಿ. ಬಿಸಿಯಾಗಿ ಎಲೆಯ ಮೇಲೋ ಕಾಗದದಲ್ಲೋ ಕೊಟ್ಟರೆ ಲೇಬಲ್ ಬೇಕಿಲ್ಲ. ಮೊದಲೇ ಪೊಟ್ಟಣ ಕಟ್ಟಿ ಬೇರೆ ಊರಿನ ಅಂಗಡಿಯಲ್ಲಿ ಇಟ್ಟರೆ ಎಲ್ಲ ವಿವರವೂ ಬೇಕು. ‘ಮದ್ದೂರು ವಡೆ’ ಎಂಬುದು ತಿಂಡಿಯ ಹೆಸರು, ಅದು ಕರಿದ ಊರನ್ನು ಹೇಳುವುದಿಲ್ಲ. ಎಲ್ಲಿ ಕರಿದದ್ದು, ಯಾವ ಎಣ್ಣೆಯಲ್ಲಿ ಎಂಬುದಕ್ಕೆ ಹಿಂಬದಿಯ ವಿಳಾಸ ಮತ್ತು ಪಟ್ಟಿಯೇ ಗತಿ. ಮಿಠಾಯಿ ಅಂಗಡಿಗಳಿಗೆ ಮಾತ್ರ ಒಂದು ಹೆಚ್ಚಿನ ಕಟ್ಟಳೆ ಇದೆ: ಗಾಜಿನ ಕಪಾಟಿನಲ್ಲಿಟ್ಟು ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಗೂ ‘ಇಂಥ ದಿನದೊಳಗೆ ತಿನ್ನಿ’ ಎಂಬ ಚೀಟಿ ಇರಬೇಕೆಂದು 2020ರ ಅಕ್ಟೋಬರ್ 1ರಿಂದ ಆದೇಶವಾಯಿತು. ಆ ಚೀಟಿ ಇಲ್ಲದ ಕಪಾಟೇ ಇಂದಿಗೂ ಹೆಚ್ಚು.

ಮದ್ದೂರಿನ ಎಳನೀರು ಮಾರುಕಟ್ಟೆ ಹೆಸರಾದದ್ದು. ಎಳನೀರಿಗೆ ಲೇಬಲ್ಲಿನ ಹಂಗಿಲ್ಲ. ಕೊಬ್ಬರಿ ಎಣ್ಣೆಯ ಕತೆ ಬೇರೆ. ತಲೆಗೆ ಹಚ್ಚಲು ಕೊಳ್ಳುವ ಸಣ್ಣ ಸೀಸೆಯ ಮೇಲೆ ‘ಖಾದ್ಯ ತೈಲ’ ಎಂದೂ ಹಸಿರು ಗುರುತೂ ಇರುವುದನ್ನು ಕಂಡು ಅಚ್ಚರಿಪಟ್ಟವರಿದ್ದಾರೆ. ಅದರ ಹಿಂದೆ ಇರುವುದು ತೆರಿಗೆಯ ದರಕ್ಕೆ ಸಂಬಂಧಿಸಿದ ದೀರ್ಘ ವ್ಯಾಜ್ಯ. ಖಾದ್ಯ ತೈಲವೆಂದು ಮಾರಿದ ಶುದ್ಧ ಕೊಬ್ಬರಿ ಎಣ್ಣೆ ಸಣ್ಣ ಸೀಸೆಯಲ್ಲಿದ್ದ ಮಾತ್ರಕ್ಕೆ ಕೇಶತೈಲವಾಗದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಇದಕ್ಕೆ ವಿರುದ್ಧವಾದುದು ಪೂಜೆಯ ದೀಪದೆಣ್ಣೆ. ತಿನ್ನಲು ಅಲ್ಲದ ಎಣ್ಣೆ, ತುಪ್ಪಗಳ ಮೇಲೆ ಚೌಕದೊಳಗೆ ಕಪ್ಪು ಅಡ್ಡಗೀಟುಗಳ ಗುರುತು ಇರಬೇಕು. ಅಗ್ಗವೆಂದು ಅದನ್ನು ಒಗ್ಗರಣೆಗೆ ತಂದುಬಿಡುವ ಅಪಾಯ ಇರುವುದರಿಂದ ಈ ಗುರುತನ್ನು ಮನೆಯವರೆಲ್ಲ ಅರಿತಿರುವುದು ಒಳ್ಳೆಯದು. ಗುರುತುಗಳ ಮಾತಿಗೆ ಬಂದರೆ, ಮಾಂಸಾಹಾರಕ್ಕೆ ಮೊದಲು ಇದ್ದ ಕಂದು ಬಣ್ಣದ ವೃತ್ತ ಹೋಗಿ ಈಗ ಕಂದು ತ್ರಿಕೋನ ಬಂದಿದೆ. ಮೊಟ್ಟೆ ಹಾಕಿದ ಕೇಕಿಗೂ ಅದೇ ಗುರುತು.

ಮಳವಳ್ಳಿ: ಲೇಬಲ್ ಮನೆಗೆ ಬಾರದ ಅಕ್ಕಿ

ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಬೇರೆ ತರಹ ಕಾಣುವ ಕಾಳುಗಳನ್ನು ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುವುದು ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ನಡೆದಿದೆ. ಅವು ಸಾರವರ್ಧಿತ ಕಾಳುಗಳು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಬೆರೆಸುತ್ತಾರೆ. ಇದೆಲ್ಲ ಚೀಲದ ಮೇಲೆ ಬರೆದಿರುತ್ತದೆ. ‘ಪ್ಲಸ್ ಎಫ್’ ಎಂಬ ನೀಲಿ ಗುರುತೂ ಇರುತ್ತದೆ. ಆದರೆ ಚೀಲ ಅಂಗಡಿಯಲ್ಲೇ ಉಳಿಯುತ್ತದೆ. ಕಾರ್ಡುದಾರರು ಅಕ್ಕಿಯನ್ನು ತಮ್ಮ ಕೈಚೀಲಕ್ಕೆ ಸುರಿಸಿಕೊಂಡು ಬರುತ್ತಾರೆ. ವದಂತಿಗೆ ಜಾಗ ಮಾಡಿಕೊಟ್ಟಿದ್ದು ಜನರ ಅಜ್ಞಾನಕ್ಕಿಂತ ಹೆಚ್ಚಾಗಿ ಈ ವ್ಯವಸ್ಥೆ. ಲೇಬಲ್ ಕಾನೂನು ಪೊಟ್ಟಣವನ್ನು ಗಮನದಲ್ಲಿಟ್ಟು ಬರೆದದ್ದು, ಸುರಿದುಕೊಳ್ಳುವ ಮನೆಗಳನ್ನಲ್ಲ. ನ್ಯಾಯಬೆಲೆ ಅಂಗಡಿಯ ಗೋಡೆಗೆ ಕನ್ನಡದಲ್ಲಿ ದೊಡ್ಡದಾಗಿ ನಾಲ್ಕು ಸಾಲು ಬರೆಸಿದ್ದರೆ ಎಷ್ಟೋ ಕಾಳು ತಿಪ್ಪೆ ಸೇರುತ್ತಿರಲಿಲ್ಲ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿ ಬೆಳೆಸಿದ್ದಾರೆ. ಅಂಗಡಿಯ ಚೀಲಗಳ ಮೇಲೆ ರಾಜಮುಡಿ, ಸೋನಾ ಮಸೂರಿ ಎಂಬ ಹೆಸರುಗಳನ್ನು ನೋಡುವಾಗ ಇದು ನೆನಪಾಗಬೇಕು. ತಳಿಯ ಹೆಸರು ನಿಜವೇ ಎಂದು ಚೀಲ ಓದಿ ತಿಳಿಯುವ ದಾರಿಯಿಲ್ಲ, ಬೆಳೆದವರು ಗೊತ್ತಿರಬೇಕು. ಅದೇ ತಾಲ್ಲೂಕಿನ ಬಂಡೂರು ತನ್ನ ಹೆಸರನ್ನು ಒಂದು ಕುರಿ ತಳಿಗೆ ಕೊಟ್ಟಿದೆ. ಸರ್ಕಾರಿ ದಾಖಲೆಯಲ್ಲಿ ಅದು ‘ಮಂಡ್ಯ’ ತಳಿ. ಹೆದ್ದಾರಿಯುದ್ದಕ್ಕೂ ‘ಬಂಡೂರು ಮಟನ್’ ಎಂಬ ಫಲಕಗಳಿವೆ. ತೂಗುಹಾಕಿದ ಮಾಂಸಕ್ಕೆ ಲೇಬಲ್ ಇರುವುದಿಲ್ಲವಾದ್ದರಿಂದ ಅಲ್ಲಿ ಅಂಗಡಿಯವರ ಮಾತೇ ಪ್ರಮಾಣ.

ಸಾವಯವದ ಮಾತಿಗೆ ಮಾತ್ರ ಪ್ರಮಾಣಪತ್ರ ಬೇಕು. ‘ಆರ್ಗ್ಯಾನಿಕ್’ ಎಂದು ಬರೆದ ಪೊಟ್ಟಣದ ಮೇಲೆ ಜೈವಿಕ್ ಭಾರತ್ ಗುರುತು ಇರಬೇಕು. ಎನ್‌ಪಿಒಪಿ ಅಥವಾ ಪಿಜಿಎಸ್ ಪದ್ಧತಿಯ ಪ್ರಮಾಣೀಕರಣ ಅದರ ಹಿಂದೆ ಇರುತ್ತದೆ. ‘ನೈಸರ್ಗಿಕ’, ‘ನಾಟಿ’, ‘ಹಳ್ಳಿ ಸೊಗಡಿನ’ ಎಂಬ ಮಾತುಗಳು ಆ ಗುರುತಿಗೆ ಬದಲಿಯಲ್ಲ.

ದಿನಾಂಕ ಮತ್ತು ಭಾಷೆ

‘ಡೇಟ್ ಬಾರ್ ಆಗಿದೆ’ ಎಂಬ ಮಾತು ಪೇಟೆಯಲ್ಲಿ ಎರಡು ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ದಿನ ಕಳೆದದ್ದನ್ನು ಮಾರುವಂತಿಲ್ಲ, ತಿನ್ನಬಾರದು. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಗರಿ, ಪರಿಮಳ ಪೂರ್ತಿ ಇರುವ ಕಾಲದ ಅಂದಾಜು. 2020ರ ನಿಯಮಾವಳಿ ತಯಾರಾದ ದಿನ ಮತ್ತು ಎಕ್ಸ್‌ಪೈರಿ ದಿನಗಳನ್ನು ಕಡ್ಡಾಯ ಮಾಡಿ, ಬೆಸ್ಟ್ ಬಿಫೋರ್ ಅನ್ನು ತಯಾರಕರ ಇಷ್ಟಕ್ಕೆ ಬಿಟ್ಟಿತು. ಒಂದರ ಮೇಲೊಂದು ಸ್ಟಿಕರ್ ಅಂಟಿಸಿ ದಿನಾಂಕ ಮುಚ್ಚಿದ್ದರೆ ಆ ಪೊಟ್ಟಣವನ್ನು ಕೆಳಗಿಡುವುದೇ ಸರಿ. 100 ಚದರ ಸೆಂ.ಮೀ.ಗಿಂತ ಹೆಚ್ಚಿಲ್ಲದ ಪುಟ್ಟ ಪೊಟ್ಟಣಗಳಿಗೆ ಪದಾರ್ಥಪಟ್ಟಿ, ಪೋಷಕಾಂಶದ ವಿವರಗಳಿಂದ ವಿನಾಯಿತಿ ಇದೆ. ಪೆಟ್ಟಿಗೆ ಅಂಗಡಿಯ ಮುಂದೆ ಸರದಂತೆ ತೂಗುವ ಮಸಾಲೆ ಸ್ಯಾಷೆ, ಮಕ್ಕಳ ಮಿಠಾಯಿಗಳು ಈ ವಿನಾಯಿತಿಯೊಳಗೆ ಬರುತ್ತವೆ.

ಭಾಷೆಯ ಮಾತೂ ಉಂಟು. ಕೇಂದ್ರದ ನಿಯಮದಂತೆ ವಿವರಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು, ಬೇರೆ ಭಾಷೆ ಹೆಚ್ಚುವರಿ. 2023ರ ಮಾರ್ಚ್‌ನಲ್ಲಿ ನಂದಿನಿ ಮೊಸರಿನ ಪೊಟ್ಟಣದ ಮೇಲೂ ‘ದಹಿ’ ಎಂದು ಮುದ್ರಿಸಬೇಕೆಂಬ ಸೂಚನೆ ಬಂದು ಕರ್ನಾಟಕ, ತಮಿಳುನಾಡುಗಳಲ್ಲಿ ಪ್ರತಿಭಟನೆಯಾಯಿತು. ಆ ತಿಂಗಳ 30ರಂದು ಪ್ರಾಧಿಕಾರ ಹಿಂದೆ ಸರಿದು ‘ಕರ್ಡ್’ ಜೊತೆ ಆಯಾ ರಾಜ್ಯದ ಹೆಸರು ಬಳಸಲು ಒಪ್ಪಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಧಾರದಲ್ಲಿ, ಕರ್ನಾಟಕದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಹೆಸರು ಕನ್ನಡಕ್ಕೆ ಬಂದದ್ದು ಒಳ್ಳೆಯದೇ. ಆದರೆ ಹಿರಿಯರಿಗೆ, ಇಂಗ್ಲಿಷ್ ಓದಲು ಬಾರದವರಿಗೆ ನಿಜವಾಗಿ ಬೇಕಿರುವುದು ಅಲರ್ಜಿಯ ಎಚ್ಚರಿಕೆ, ಪದಾರ್ಥಪಟ್ಟಿ ಮತ್ತು ದಿನಾಂಕದ ಸಾಲುಗಳ ಕನ್ನಡ.

ದೂರು ಮತ್ತು ಪರೀಕ್ಷೆ

ಆಹಾರದ ದೂರಿಗೆ ಎಫ್‌ಎಸ್‌ಎಸ್‌ಎಐನ 1800112100, ತೂಕ ಮತ್ತು ಬೆಲೆಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇವೆ. ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾಯ್ದೆಯ 40ನೇ ಕಲಮು ಹೆಚ್ಚು ಜನರಿಗೆ ತಿಳಿದಿಲ್ಲ. ಅದರಂತೆ ಯಾವ ಗ್ರಾಹಕರಾದರೂ ತಾವು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ವರದಿಯಲ್ಲಿ ದೋಷ ಕಂಡುಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ಈ ಕಲಮು ಲೇಬಲ್ ಇರುವ ಪೊಟ್ಟಣಕ್ಕಷ್ಟೇ ಅಲ್ಲ, ಲೂಸ್ ಬೆಲ್ಲಕ್ಕೂ ಅನ್ವಯಿಸುತ್ತದೆ.